ಅಂಚಿನ ಗೆರೆಗಳ ನಡುವೆ ಒಂದು ವರ್ಷ: ಅಗಲ ಅಂಚಿನ ಬೈಬಲ್ ಮತ್ತು ಮಕ್‌ಶೇನ್ ವಾಚನಪಟ್ಟಿ

ಬರೆದುಕೊಳ್ಳುವುದಕ್ಕೆಂದೇ ಹೊರ ಅಂಚನ್ನು ಅಗಲವಾಗಿ ಬಿಟ್ಟು, ಅಲ್ಲಿ ತೆಳುವಾದ ಗೆರೆಗಳನ್ನು ಎಳೆದು ಮುದ್ರಿಸಿದ ಬೈಬಲೊಂದನ್ನು ಕಳೆದ ವರ್ಷ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಪ್ರತಿದಿನ ಬಳಸಿದೆ. ‘ಪ್ರತಿದಿನ’ ಎಂದು ಬರೆದ ಕೂಡಲೇ ಅದನ್ನು ತಿದ್ದಬೇಕಾಗಿದೆ: ಏಪ್ರಿಲ್‌ನಲ್ಲಿ ಒಟ್ಟಿಗೆ 11 ದಿನ ಪುಸ್ತಕವನ್ನು ತೆರೆಯಲೇ ಇಲ್ಲ, ಆಮೇಲೂ ಅಲ್ಲೊಂದು ಇಲ್ಲೊಂದು ದಿನ ತಪ್ಪಿತು. ಓದಿನ ಕ್ರಮಕ್ಕೆ ರಾಬರ್ಟ್ ಮರ್ರೆ ಮಕ್‌ಶೇನ್ ಎಂಬ ಪಾಸ್ಟರ್ 1842ರಲ್ಲಿ ಸಿದ್ಧಪಡಿಸಿದ ವಾರ್ಷಿಕ ವಾಚನಪಟ್ಟಿಯನ್ನು ಹಿಡಿದುಕೊಂಡಿದ್ದೆ. ಹೀಗಾಗಿ ಇದು ಒಂದಕ್ಕೊಂದು ಜೋಡಿಯಾಗಿ ನಡೆದ ಎರಡು ವಸ್ತುಗಳ ವಿಮರ್ಶೆ. ಇಂಥ ಬೈಬಲುಗಳನ್ನು ಹಲವು ಪ್ರಕಾಶಕರು ಹೊರತರುತ್ತಾರೆ. ನನ್ನದು ಯಾರದೆಂದು ಹೇಳದಿರುವುದಕ್ಕೆ ಕಾರಣವೇನೆಂದರೆ, ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಪ್ರತಿಗಳಿಗೆಲ್ಲ ಸೇರಿದವು.

ಮೊದಲು ಕೈಗೆ ಸಿಗುವ ಸಂಗತಿಗಳು. ಅಂಚು ಹೆಚ್ಚುಕಡಿಮೆ ಎರಡು ಇಂಚು ಅಗಲವಿದೆ; ಸಾಧಾರಣ ಅಕ್ಷರದಲ್ಲಿ ಒಂದು ಗೆರೆಗೆ ನಾಲ್ಕೈದು ಪದಗಳು ಹಿಡಿಸುತ್ತವೆ. ಈ ಜಾಗಕ್ಕೆ ಬೆಲೆ ತೆತ್ತದ್ದು ಅಕ್ಷರದ ಗಾತ್ರ. 66 ಪುಸ್ತಕಗಳ 1,189 ಅಧ್ಯಾಯಗಳನ್ನು ಒಂದೇ ಸಂಪುಟದಲ್ಲಿ ಅಡಕಿಸಿ, ಅದರ ಮೇಲೆ ಅಂಚನ್ನೂ ಬಿಡಬೇಕೆಂದರೆ ಅಕ್ಷರ ಕುಗ್ಗಲೇಬೇಕು. ನಲವತ್ತು ದಾಟಿದವರು ರಾತ್ರಿ ದೀಪದ ಬೆಳಕಿನಲ್ಲಿ ಇದನ್ನು ಓದುವುದು ಕಷ್ಟ. ನಾನು ಬೆಳಗಿನ ಓದಿಗೆ ಬದಲಾದದ್ದಕ್ಕೆ ಭಕ್ತಿಗಿಂತ ಕಣ್ಣೇ ಹೆಚ್ಚಿನ ಕಾರಣ. ಇನ್ನು ಕಾಗದ. ಬೈಬಲ್ ಕಾಗದವೆಂದರೆ ಸಾಮಾನ್ಯ ಬರವಣಿಗೆಯ ಕಾಗದದ ಅರ್ಧದಷ್ಟೂ ದಪ್ಪವಿಲ್ಲದ್ದು, ಆದ್ದರಿಂದ ಯಾವ ಪೆನ್ನು ಹಿಡಿಯುತ್ತೀರಿ ಎಂಬುದು ಸಣ್ಣ ಪ್ರಶ್ನೆಯಲ್ಲ. ನಾನು ಮೊದಲ ಮೂರು ದಿನ ಜೆಲ್ ಪೆನ್ನಿನಲ್ಲಿ ಬರೆದೆ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 3ನೆಯ ಅಧ್ಯಾಯದ ಪಕ್ಕದಲ್ಲಿ ಬರೆದ ಟಿಪ್ಪಣಿಯ ಮಸಿ ಹಿಂಬದಿಗೆ ಇಳಿದು, ಆದಾಮನ ಮಗ ಕಾಯಿನನು ತಮ್ಮನನ್ನು ಹೊಲಕ್ಕೆ ಕರೆದೊಯ್ಯುವ ವಚನದ ಮೇಲೆ ನೀಲಿ ನೆರಳಾಗಿ ಕೂತಿತು, ಇಂದಿಗೂ ಕೂತಿದೆ. ನಾಲ್ಕನೆಯ ದಿನದಿಂದ ಪೆನ್ಸಿಲ್ ಹಿಡಿದೆ. ಬಾಲ್‌ಪಾಯಿಂಟ್ ಪೆನ್ನು ಮಸಿಯನ್ನು ಇಳಿಸುವುದಿಲ್ಲ, ಆದರೆ ಒತ್ತಿ ಬರೆದರೆ ಹಿಂಬದಿಯಲ್ಲಿ ಉಬ್ಬು ಮೂಡುತ್ತದೆ.

ಬೈಂಡಿಂಗ್ ಹೊಲಿದದ್ದು, ಬರೀ ಅಂಟಿಸಿದ್ದಲ್ಲ. ಇದನ್ನು ಕೊಳ್ಳುವ ಮುಂಚೆಯೇ ವಿಚಾರಿಸಿಕೊಳ್ಳಿ, ಏಕೆಂದರೆ ಬರೆಯುವ ಪುಸ್ತಕ ಮೇಜಿನ ಮೇಲೆ ಅಂಗಾತ ಮಲಗಬೇಕು. ಹೊಲಿದದ್ದಾದರೂ ಆದಿಕಾಂಡದ ಮೊದಲ ಪುಟಗಳೂ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯ ಪುಟಗಳೂ ಕೆಲವು ವಾರ ಮೊಂಡಾಟ ಮಾಡುತ್ತವೆ, ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದರಲ್ಲಿ ಬರೆಯಬೇಕಾಗುತ್ತದೆ. ಗುರುತಿನ ರಿಬ್ಬನ್ ಎರಡೇ ಇವೆ. ಈ ಕೊರತೆಯ ಮಾತು ಮುಂದೆ ಬರುತ್ತದೆ.

ಈಗ ಪಟ್ಟಿ. ಮಕ್‌ಶೇನ್ ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಸೇಂಟ್ ಪೀಟರ್ಸ್ ಸಭೆಯ, ಅಂದರೆ ಚರ್ಚಿನ, ಪಾಸ್ಟರ್ ಆಗಿದ್ದರು. 1842ರ ಡಿಸೆಂಬರ್ ಕೊನೆಯಲ್ಲಿ, ಬರುವ ವರ್ಷ ತಮ್ಮ ಸಭೆಯವರೆಲ್ಲ ಒಂದೇ ಕ್ರಮದಲ್ಲಿ ಓದಲೆಂದು ಈ ಪಟ್ಟಿಯನ್ನು ಕೊಟ್ಟರು. ದಿನಕ್ಕೆ ನಾಲ್ಕು ಭಾಗಗಳು: ಎರಡು ಮನೆಯವರೊಂದಿಗೆ, ಎರಡು ಒಬ್ಬರೇ ಏಕಾಂತದಲ್ಲಿ. ವರ್ಷ ಮುಗಿಯುವಾಗ ಹಳೆಯ ಒಡಂಬಡಿಕೆ (ಯೇಸುವಿಗೆ ಮುಂಚಿನ ಪುಸ್ತಕಗಳು) ಒಮ್ಮೆ, ಹೊಸ ಒಡಂಬಡಿಕೆಯೂ (ಯೇಸು ಮತ್ತು ಅವನ ಮೊದಲ ಶಿಷ್ಯರ ಕಾಲದ ಪುಸ್ತಕಗಳು) ಹಳೆಯದರಲ್ಲಿರುವ ಪ್ರಾರ್ಥನಾಗೀತೆಗಳಾದ ಕೀರ್ತನೆಗಳೂ ಎರಡು ಸಲ ಆಗಿರುತ್ತವೆ. ಲೆಕ್ಕ ಹಾಕಿದರೆ ಸುಮಾರು 1,600 ಅಧ್ಯಾಯಗಳು, ದಿನಕ್ಕೆ ನಾಲ್ಕಕ್ಕಿಂತ ತುಸು ಹೆಚ್ಚು. ಪಟ್ಟಿಯನ್ನು ಬರೆದವರಿಗೇ ಆ ಮೊದಲ ವರ್ಷವನ್ನು ಮುಗಿಸಲಾಗಲಿಲ್ಲ. 1843ರ ಮಾರ್ಚ್ 25ರಂದು, 29ನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡರು. ಏಪ್ರಿಲ್‌ನಲ್ಲಿ ಹಿಂದೆಬಿದ್ದಾಗ ಈ ಸಂಗತಿ ನನಗೆ ವಿಚಿತ್ರವಾದ ಸಮಾಧಾನ ಕೊಟ್ಟಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಪಟ್ಟಿಯ ವೈಶಿಷ್ಟ್ಯ ಅದರ ನಾಲ್ಕು ಆರಂಭಗಳಲ್ಲಿದೆ. ಜನವರಿ 1ರಂದು ಆದಿಕಾಂಡ 1, ಮತ್ತಾಯ 1, ಎಜ್ರ 1, ಅಪೊಸ್ತಲರ ಕೃತ್ಯಗಳು 1. ಲೋಕದ ಆರಂಭ, ಯೇಸುವಿನ ವಂಶಾವಳಿ, ಬಾಬೆಲಿನ ಸೆರೆಯಿಂದ ಹಿಂತಿರುಗಿದ ಯೆಹೂದ್ಯರ ಹೊಸ ಬದುಕು, ಸಭೆಯ ಹುಟ್ಟು, ಎಲ್ಲವೂ ಒಂದೇ ಬೆಳಗಿನಲ್ಲಿ. ಇದು ಕೇಳುವುದಕ್ಕೆ ಚೆಂದ. ಆದರೆ ಮರುದಿನವೇ ಎಜ್ರ 2 ಬರುತ್ತದೆ. 70 ವಚನಗಳುದ್ದಕ್ಕೂ ಹಿಂತಿರುಗಿದವರ ಹೆಸರುಗಳು, ತಲೆಯೆಣಿಕೆ, ಕುದುರೆ ಹೇಸರಗತ್ತೆಗಳ ಲೆಕ್ಕ. ಹೊಸ ವರ್ಷದ ಉತ್ಸಾಹದಲ್ಲಿರುವವರನ್ನು ಎರಡನೆಯ ದಿನವೇ ಇಷ್ಟು ನಿಷ್ಠುರವಾಗಿ ಪರೀಕ್ಷಿಸುವ ಪಟ್ಟಿ ಇನ್ನೊಂದಿರಲಾರದು. ಮೂರನೆಯ ದಿನ ಮಾತ್ರ ಇದೇ ಪಟ್ಟಿ ಇದ್ದಕ್ಕಿದ್ದಂತೆ ಮೇಲೇಳುತ್ತದೆ. ಆದಿಕಾಂಡ 3ರಲ್ಲಿ ಮರಗಳ ಹಿಂದೆ ಅಡಗಿದ ಆದಾಮನಿಗೆ ದೇವರು ‘ನೀನು ಎಲ್ಲಿದ್ದೀ?’ ಎಂದು ಕೇಳುತ್ತಾನೆ. ಮತ್ತಾಯ 3ರಲ್ಲಿ ಸ್ನಾನಿಕನಾದ ಯೋಹಾನನು ಮಾನಸಾಂತರಕ್ಕೆ ತಕ್ಕ ಫಲವನ್ನು ತೋರಿಸಿರೆಂದು ಗದರುತ್ತಾನೆ. ಎಜ್ರ 3ರಲ್ಲಿ ಹೊಸ ದೇವಾಲಯದ ಅಸ್ತಿವಾರವನ್ನು ಕಂಡು, ಹಳೆಯ ದೇವಾಲಯವನ್ನು ನೋಡಿದ್ದ ಮುದುಕರು ಅಳುತ್ತಾರೆ, ಉಳಿದವರು ಸಂತೋಷದಿಂದ ಕೂಗುತ್ತಾರೆ, ಅಳು ಯಾವುದು ಹರ್ಷ ಯಾವುದು ಎಂದು ಯಾರಿಗೂ ತಿಳಿಯದೆ ಹೋಗುತ್ತದೆ. ಒಂದನ್ನೇ ಬಿಡಿಯಾಗಿ ಓದಿದ್ದರೆ ಈ ಮೂರೂ ಒಂದೇ ಪ್ರಶ್ನೆಯ ಸುತ್ತ ನಿಂತಿರುವುದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಇಷ್ಟಾಗಿಯೂ ಆ ದಿನ ನಾನು ಅಂಚಿನಲ್ಲಿ ಬರೆದದ್ದು ಇದು: ‘ದೇವರು ಪಾಪಿಯನ್ನು ಹುಡುಕಿಕೊಂಡು ಬರುವ ದೇವರು.’ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಯಾವ ಪ್ರಸಂಗಪೀಠದಿಂದಲಾದರೂ ಹೇಳಬಹುದು, ಯಾವ ಕ್ಯಾಲೆಂಡರಿನಲ್ಲಾದರೂ ಅಚ್ಚು ಹಾಕಿಸಬಹುದು. ಆದರೆ ಪ್ರಶ್ನೆ ಕೇಳಿದ್ದು ‘ನೀನು ಎಲ್ಲಿದ್ದೀ?’ ಎಂದು, ನಾನು ಕೊಟ್ಟ ಉತ್ತರ ದೇವರು ಎಂಥವನು ಎಂಬುದರ ಬಗ್ಗೆ. ಆದಾಮನಾದರೂ ‘ಹೆದರಿ ಅಡಗಿಕೊಂಡೆ’ ಎಂದನು. ನಾನು ಅಡಗಿರುವುದನ್ನೂ ಹೇಳದೆ, ಮರದ ಹಿಂದೆ ನಿಂತುಕೊಂಡೇ ದೇವರ ಗುಣಗಾನ ಮಾಡಿದ್ದೆ.

ಅಗಲ ಅಂಚಿನ ಬೈಬಲಿನ ನಿಜವಾದ ಉಪಯೋಗ ನನಗೆ ತಿಳಿದದ್ದು ಇಲ್ಲಿಂದಲೇ, ಅದೂ ತಡವಾಗಿ. ಖಾಲಿ ಅಂಚು ಕಂಡರೆ ಕೈ ತಾನಾಗಿ ಯಾರೋ ಓದುವವರಿಗಾಗಿ ಬರೆಯಲು ತೊಡಗುತ್ತದೆ. ಮುಂದೊಂದು ದಿನ ಮಕ್ಕಳು ಈ ಪುಸ್ತಕವನ್ನು ತೆರೆಯಬಹುದು, ಸಭೆಯಲ್ಲಿ ಪಕ್ಕದಲ್ಲಿ ಕೂತವರ ಕಣ್ಣು ಇತ್ತ ಹರಿಯಬಹುದು ಎಂಬ ಎಣಿಕೆ ಮನಸ್ಸಿನ ಮೂಲೆಯಲ್ಲಿ ಇದ್ದೇ ಇರುತ್ತದೆ. ಜನವರಿ 6ರಂದು ಮತ್ತಾಯ 6 ಬಂದಿತು. ಜನರಿಗೆ ಕಾಣಬೇಕೆಂದು ಬೀದಿಚೌಕಗಳಲ್ಲಿ ನಿಂತು ಪ್ರಾರ್ಥಿಸುವವರನ್ನು ಯೇಸು ಕಪಟಿಗಳೆಂದು ಕರೆದು, ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಿರಿ ಎಂದು ಹೇಳುವ ಅಧ್ಯಾಯ. ಅದರ ಪಕ್ಕದಲ್ಲಿಯೂ ದುಂಡಗಿನ ಅಕ್ಷರದಲ್ಲಿ ಒಂದು ಉಪದೇಶವನ್ನೇ ಬರೆದಿದ್ದೇನೆ. ಅಕ್ಷರದ ಅಂದವೇ ಸಾಕ್ಷಿ. ಆಮೇಲಿನ ತಿಂಗಳುಗಳಲ್ಲಿ, ಏನಾದರೂ ಇದ್ದದ್ದನ್ನು ಇದ್ದಂತೆ ಬರೆದಿರುವ ಕಡೆಯಲ್ಲೆಲ್ಲ ನನ್ನ ಅಕ್ಷರ ಕೋಳಿ ಕೆದರಿದಂತಿದೆ.

ಫೆಬ್ರವರಿ ಆರಂಭದಿಂದ ಮಾರ್ಚ್ ಮಧ್ಯದವರೆಗೆ ಪಟ್ಟಿಯಲ್ಲಿ ಯೋಬ ನಡೆಯುತ್ತದೆ. ಹೆಚ್ಚುಕಡಿಮೆ ದಿನಕ್ಕೊಂದು ಅಧ್ಯಾಯದಂತೆ 42 ಅಧ್ಯಾಯಗಳನ್ನು ನಿಧಾನವಾಗಿ ಓದುವಾಗ ಒಂದು ವಿಷಯ ಮೈಗೆ ತಾಗುತ್ತದೆ: ಸಂಕಟಕ್ಕೆ ಸಿಕ್ಕಿದ ಯೋಬನನ್ನು ಸಂತೈಸಲು ಬಂದ ಸ್ನೇಹಿತರಾದ ಎಲೀಫಜ, ಬಿಲ್ದದ, ಚೋಫರರ ಮಾತುಗಳಲ್ಲಿ ಬಹುಪಾಲು ಕೇಳುವುದಕ್ಕೆ ಸರಿಯಾಗಿಯೇ ಇವೆ. ದೇವರು ನೀತಿವಂತ, ಪಾಪಕ್ಕೆ ಫಲ ಉಂಟು, ತಿರುಗಿಕೊಂಡರೆ ಒಳ್ಳೆಯದಾಗುತ್ತದೆ. ಯೋಬನಾದರೋ ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನೇ ವಾದಕ್ಕೆ ಕರೆಯುತ್ತಾನೆ. ಕೊನೆಯ ಅಧ್ಯಾಯದಲ್ಲಿ ದೇವರು ಆ ಸ್ನೇಹಿತರ ಮೇಲೆ ಕೋಪಗೊಂಡು, ನನ್ನ ಸೇವಕನಾದ ಯೋಬನು ಹೇಳಿದಂತೆ ನೀವು ನನ್ನ ವಿಷಯವಾಗಿ ಸರಿಯಾದದ್ದನ್ನು ಹೇಳಲಿಲ್ಲ ಎನ್ನುತ್ತಾನೆ. ಅದನ್ನು ಓದಿದ ಬೆಳಗ್ಗೆ ಪುಟಗಳನ್ನು ಹಿಂದಕ್ಕೆ ತಿರುವಿ ನನ್ನ ಜನವರಿಯ ಅಂಚುಗಳ ಮೇಲೆ ಕಣ್ಣಾಡಿಸಿದೆ. ಒಂದೊಂದು ಟಿಪ್ಪಣಿಯೂ ಎಲೀಫಜನ ಬಾಯಿಂದ ಬಂದಂತಿತ್ತು.

ಅಲ್ಲಿಂದ ಮುಂದೆ ಕೀರ್ತನೆಗಳನ್ನು ಓದುವ ರೀತಿಯೂ ಬದಲಾಯಿತು. ಕೀರ್ತನೆ 13 ‘ಎಷ್ಟರವರೆಗೆ?’ ಎಂಬ ಕೂಗಿನಿಂದ ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. ಕೀರ್ತನೆ 88ಕ್ಕೆ ಅಂಥ ಮುಕ್ತಾಯವೂ ಇಲ್ಲ, ಅದು ಕತ್ತಲಲ್ಲಿಯೇ ನಿಂತುಬಿಡುತ್ತದೆ. ಇಂಥದ್ದನ್ನೂ ಪ್ರಾರ್ಥನೆಯೆಂದು ಬೈಬಲಿನೊಳಗೆ ಇಟ್ಟಿರುವಾಗ, ಪ್ರತಿ ಟಿಪ್ಪಣಿಯನ್ನೂ ಸ್ತೋತ್ರದಿಂದಲೇ ಮುಗಿಸಬೇಕೆಂಬ ನನ್ನ ಅಭ್ಯಾಸ ಎಲ್ಲಿಂದ ಬಂದಿತೋ ತಿಳಿಯದು. ಕೀರ್ತನೆ 88ರ ಅಂಚಿನಲ್ಲಿ ಒಂದೇ ಸಾಲಿದೆ: ‘ಇಂದು ಇದನ್ನು ಓದಿದೆ, ಹೇಳುವುದೇನೂ ಇಲ್ಲ.’ ವರ್ಷದ ಟಿಪ್ಪಣಿಗಳಲ್ಲಿ ನನಗೆ ನಾಚಿಕೆ ತರದ ಕೆಲವೇ ಸಾಲುಗಳಲ್ಲಿ ಅದೂ ಒಂದು.

ಪಟ್ಟಿಯೂ ಅಂಚೂ ಸೇರಿ ಮಾಡಿದ ದೊಡ್ಡ ಕೆಲಸವನ್ನು ಈಗ ಹೇಳಬೇಕು. ಹೊಸ ಒಡಂಬಡಿಕೆ ಎರಡು ಸಲ ಬರುತ್ತದೆಂದು ಮೇಲೆ ಹೇಳಿದೆನಷ್ಟೆ. ಅಂದರೆ, ಎರಡನೆಯ ಸಲ ಆ ಪುಟವನ್ನು ತೆರೆದಾಗ ಮೊದಲ ಸಲ ನೀವು ಬರೆದದ್ದು ಅಲ್ಲಿಯೇ ಕಾದು ಕೂತಿರುತ್ತದೆ. ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿದ್ದರೆ ಅದನ್ನು ಹುಡುಕಿ ತೆಗೆಯುವವರು ಯಾರೂ ಇಲ್ಲ. ಅಂಚಿನಲ್ಲಿ ಬರೆದದ್ದರಿಂದ ಮಾತ್ರ ತಪ್ಪಿಸಿಕೊಳ್ಳಲಾಗದು.

ಜನವರಿ 18ರಂದು ಮತ್ತಾಯ 18 ಬಂದಿತ್ತು. ಸಹೋದರನನ್ನು ಏಳು ಸಾರಿ ಕ್ಷಮಿಸಿದರೆ ಸಾಕೋ ಎಂದು ಪೇತ್ರನು ಕೇಳಿದಾಗ ಯೇಸು ಹೇಳಿದ ಇಬ್ಬರು ಸಾಲಗಾರರ ಕಥೆ ಅಲ್ಲಿದೆ: ಅರಸನಿಂದ ಭಾರೀ ಸಾಲದ ಮನ್ನಾ ಪಡೆದ ಸೇವಕನು, ತನಗೆ ಅದಕ್ಕಿಂತ ಚಿಕ್ಕ ಸಾಲ ತೀರಿಸಬೇಕಿದ್ದ ಜೊತೆಯ ಸೇವಕನನ್ನು ಸೆರೆಗೆ ಹಾಕಿಸುತ್ತಾನೆ. ನನ್ನ ಟಿಪ್ಪಣಿ: ‘ಕ್ಷಮಿಸುವ ಹೃದಯವನ್ನು ಅನುಗ್ರಹಿಸಿದ್ದಕ್ಕಾಗಿ ಕರ್ತನೇ, ನಿನಗೆ ಸ್ತೋತ್ರ.’ ಆಗ ಇದ್ದ ಸ್ಥಿತಿ ಏನೆಂದರೆ, ನನ್ನಿಂದ ಸಾಲ ಪಡೆದು ಹಿಂತಿರುಗಿಸದ ಹಳೆಯ ಸ್ನೇಹಿತನೊಬ್ಬನೊಂದಿಗೆ ಎರಡು ವರ್ಷಗಳಿಂದ ಮಾತಿರಲಿಲ್ಲ. ‘ಹೊಟ್ಟೆಗೆ ಹಾಕಿಕೊಂಡಿದ್ದೇನೆ’ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ, ನನಗೂ ಹಾಗೆಯೇ ಹೇಳಿಕೊಂಡಿದ್ದೆ.

ಜುಲೈ 8ರಂದು ಅದೇ ಅಧ್ಯಾಯ ಮತ್ತೆ ಬಂದಿತು. ಈ ಸಲ ಸುತ್ತಲಿನ ಓದು ಬೇರೆಯಾಗಿತ್ತು. ಜುಲೈ 5ರಂದು ಯೆಹೋಶುವ 7ರಲ್ಲಿ, ಕದ್ದ ಬೆಳ್ಳಿಬಂಗಾರವನ್ನು ಡೇರೆಯ ನೆಲದಲ್ಲಿ ಹೂತಿಟ್ಟ ಆಕಾನನನ್ನು ಓದಿದ್ದೆ. 6ರಂದು ‘ನನ್ನನ್ನು ಪರೀಕ್ಷಿಸು’ ಎಂದು ಬೇಡುವ ಕೀರ್ತನೆ 139. 8ರ ಬೆಳಗ್ಗೆಯೇ, ಬೀಳುಬಿದ್ದ ಭೂಮಿಯನ್ನು ಉಳಿರಿ, ಮುಳ್ಳುಗಳಲ್ಲಿ ಬಿತ್ತಬೇಡಿರಿ ಎನ್ನುವ ಯೆರೆಮೀಯ 4. ಇವನ್ನೆಲ್ಲ ದಾಟಿ ಮತ್ತಾಯನಿಗೆ ಬಂದರೆ ನನ್ನದೇ ಕೈಬರಹದ ಸ್ತೋತ್ರ ಎದುರಿಗಿದೆ. ಕಥೆಯನ್ನು ಈ ಸಲ ಲೆಕ್ಕ ಹಾಕಿ ಓದಿದೆ. ಆ ಕಾಲದ ಹಣದ ಲೆಕ್ಕದಲ್ಲಿ ಒಂದು ತಲಾಂತಿಗೆ 6,000 ದಿನಾರಿಗಳು. ಮೊದಲನೆಯವನ ಸಾಲ ಹತ್ತು ಸಾವಿರ ತಲಾಂತು, ಅಂದರೆ ಆರು ಕೋಟಿ ದಿನಾರಿ. ಇನ್ನೊಬ್ಬನ ಸಾಲ 100 ದಿನಾರಿ. ಪ್ರಸಂಗಗಳಲ್ಲಿ ಈ ಎರಡನೆಯ ಸಾಲವನ್ನು ಯಃಕಶ್ಚಿತ್ ಮೊತ್ತವೆಂದು ತೇಲಿಸಿಬಿಡುವುದುಂಟು. ಆದರೆ ಮತ್ತಾಯ 20ರ ಪ್ರಕಾರ ದಿನಾರಿಯೆಂದರೆ ಕೂಲಿಯವನ ಒಂದು ದಿನದ ಸಂಬಳ. 100 ದಿನಾರಿಯೆಂದರೆ ಮೂರು ತಿಂಗಳಿಗೂ ಮೀರಿದ ದುಡಿಮೆ. ಯೇಸು ಆ ಸಾಲವನ್ನು ಚಿಲ್ಲರೆಯೆನ್ನಲಿಲ್ಲ. ನೋವಾಗುವಷ್ಟೇ ಇತ್ತು, ಬಿಡಬೇಕೆಂದದ್ದೂ ಅದನ್ನೇ. ನಾನು ಎರಡು ವರ್ಷ ಮಾಡಿದ್ದು ಇದರ ತಿರುವುಮುರುವು: ನಷ್ಟವಾದದ್ದು ಏನೂ ಅಲ್ಲ ಎಂದು ನಟಿಸಿ, ಅದನ್ನೇ ಕ್ಷಮೆಯೆಂದು ಕರೆದಿದ್ದೆ.

ಜನವರಿಯ ಸಾಲಿನ ಕೆಳಗೆ ಆ ದಿನ ಬರೆದದ್ದು: ‘ಮೇಲಿನದು ಸುಳ್ಳು. ಆ ಹೆಸರು ಫೋನಿನಲ್ಲಿ ಮೂಡಿದರೆ ಇಂದಿಗೂ ತೆಗೆಯುವುದಿಲ್ಲ. ಆ ಹಣ ನನಗೆ ಬೇಕಿತ್ತು.’ ಬರೆದ ಮೇಲೆ ಹಗುರವೇನೂ ಆಗಲಿಲ್ಲ, ಸಿಟ್ಟು ಇನ್ನೂ ನಾಲ್ಕು ದಿನ ಹೆಚ್ಚೇ ಇತ್ತು. ಆದರೆ ಪ್ರಾರ್ಥಿಸುವಾಗ ಹೇಳುವುದಕ್ಕೆ ನಿಜವಾದ ಮಾತೊಂದು ಸಿಕ್ಕಿತ್ತು. ಮಾರ್ಕ 9ರಲ್ಲಿ ಮಗನ ಕಾಯಿಲೆಯಿಂದ ಬಳಲಿದ ತಂದೆ ‘ನಂಬುತ್ತೇನೆ’ ಎಂದ ಉಸಿರಿನಲ್ಲಿಯೇ ನನ್ನ ಅಪನಂಬಿಕೆಗೆ ಸಹಾಯಮಾಡು ಎನ್ನುತ್ತಾನಲ್ಲ, ಹೆಚ್ಚುಕಡಿಮೆ ಆ ಬಗೆಯದು: ಕ್ಷಮಿಸಬೇಕೆಂದಿದ್ದೇನೆ, ಕ್ಷಮಿಸಿಲ್ಲ. ಸ್ನೇಹಿತನಿಗೆ ಫೋನ್ ಮಾಡಿದ್ದು ಸೆಪ್ಟೆಂಬರಿನಲ್ಲಿ. ಹಣದ ಮಾತು ಬರಲಿಲ್ಲ. ಎರಡನೆಯ ಕರೆಯಲ್ಲಿ ಬಂದಿತು. ಅದು ಇನ್ನೂ ಮುಗಿದಿಲ್ಲವಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಇದರ ನಡುವೆ ಒಂದು ಸಣ್ಣ ಉಪಾಯ ಕೈಗೆ ಸಿಕ್ಕಿತ್ತು, ಅದೂ ಯಾರೂ ಆಸೆಪಟ್ಟು ಓದದ ಯಾಜಕಕಾಂಡದಿಂದ. ಹದಿಮೂರನೆಯ ಅಧ್ಯಾಯದಲ್ಲಿ, ಚರ್ಮದ ಮೇಲೆ ಮಚ್ಚೆ ಕಂಡವನನ್ನು ಯಾಜಕನ ಬಳಿಗೆ ಕರೆತರಬೇಕೆಂಬ ನಿಯಮವಿದೆ. ಗುರುತು ಸ್ಪಷ್ಟವಿಲ್ಲದಿದ್ದರೆ ಯಾಜಕನು ತಕ್ಷಣ ತೀರ್ಪು ಕೊಡುವುದಿಲ್ಲ. ಏಳು ದಿನ ಪ್ರತ್ಯೇಕವಾಗಿಟ್ಟು ಮತ್ತೆ ನೋಡುತ್ತಾನೆ, ಆಗಲೂ ಹರಡದೆ ಹಾಗೆಯೇ ಇದ್ದರೆ ಇನ್ನೂ ಏಳು ದಿನ. ಅಂದಿನಿಂದ ನನ್ನ ಕುರಿತು ಏನನ್ನಾದರೂ ಬರೆದರೆ ಪಕ್ಕದಲ್ಲಿ ಒಂದು ಚುಕ್ಕೆಯಿಟ್ಟು, ಏಳನೆಯ ದಿನ ಅದನ್ನು ತಿರುಗಿ ಓದತೊಡಗಿದೆ. ‘ನನ್ನ ಅಹಂಕಾರವನ್ನು ಕ್ಷಮಿಸು’ ಎಂದು ಬರೆದಿರುತ್ತೇನೆ. ಯಾವ ದಿನ, ಯಾರ ಮುಂದೆ, ಏನು ಹೇಳಿದಾಗ ಎಂದು ಏಳು ದಿನದ ನಂತರ ಕೇಳಿಕೊಂಡರೆ ಉತ್ತರವೇ ಇಲ್ಲ. ಅದು ಅರಿಕೆಯಲ್ಲ, ಅರಿಕೆಯ ಧಾಟಿ ಮಾತ್ರ. ಮತ್ತೆ ಕೆಲವನ್ನು ಬರೆಯುವಾಗ ಮಹಾಪಾಪದಂತೆ ಕಂಡಿದ್ದವು. ವಾರದ ಮೇಲೆ ನೋಡಿದರೆ ನಿದ್ದೆಗೆಟ್ಟ ಬೆಳಗಿನ ಮುಜುಗರವಷ್ಟೆ. ಮೂರೋ ನಾಲ್ಕೋ ಟಿಪ್ಪಣಿಗಳಲ್ಲಿ ಮಾತ್ರ ಮಚ್ಚೆ ಹರಡಿತ್ತು. ಈ ಕಾರಣಕ್ಕಾಗಿಯೇ ಪೆನ್ಸಿಲಿನಲ್ಲಿ ಬರೆದರೂ ರಬ್ಬರ್ ಬಳಸಬಾರದೆಂದು ಹೇಳುತ್ತೇನೆ: ತಿದ್ದುವುದಾದರೆ ಕೆಳಗೆ ಬರೆಯಿರಿ.

ಪಟ್ಟಿಯ ದೋಷಗಳಿಗೆ ಬರುತ್ತೇನೆ. ಓದಿನ ಹೊರೆ ಹೆಚ್ಚು. ನಾಲ್ಕು ಭಾಗಗಳನ್ನು ಅವಸರವಿಲ್ಲದೆ ಓದುವುದಕ್ಕೆ ನನಗೆ ಅರ್ಧ ಗಂಟೆ ಬೇಕಾಗುತ್ತಿತ್ತು, ಬರೆಯುವುದಕ್ಕೆ ಬೇರೆ ಸಮಯ. ಏಪ್ರಿಲ್‌ನಲ್ಲಿ ಆ 11 ದಿನ ಬಿಟ್ಟಾಗ ಒಂದೇ ಭಾನುವಾರ ಕೂತು ನಲವತ್ತಕ್ಕೂ ಹೆಚ್ಚು ಅಧ್ಯಾಯಗಳನ್ನು ಓದಿ ಲೆಕ್ಕ ಸರಿಮಾಡಿದೆ. ಆ ಪುಟಗಳ ಅಂಚು ಇಂದಿಗೂ ಬೆಳ್ಳಗಿದೆ, ಅಲ್ಲಿ ಏನಿತ್ತೆಂದು ಕೇಳಿದರೆ ಹೇಳಲಾರೆ. ಮಕ್‌ಶೇನ್ ಪಟ್ಟಿಯ ಜೊತೆಗೆ ಬರೆದ ಮುನ್ನುಡಿಯಲ್ಲಿಯೇ ನಾಲ್ಕು ಅಪಾಯಗಳನ್ನು ಹೆಸರಿಸಿದ್ದರು: ಓದು ಬರೀ ಆಚಾರವಾಗಿಬಿಡುವುದು, ಓದಿದೆನೆಂಬ ಸ್ವನೀತಿ, ಅಸಡ್ಡೆಯ ಓದು, ಹೊರಲಾರದ ನೊಗ. ತನ್ನ ಸರಕಿನ ಜೊತೆಗೇ ದೋಷಗಳ ಪಟ್ಟಿಯನ್ನೂ ಕೊಟ್ಟು ಕಳಿಸಿದ ಪ್ರಾಮಾಣಿಕತೆ ಇಂದಿನ ತಯಾರಕರಲ್ಲಿ ಅಪರೂಪ. ಆ ನಾಲ್ಕರಲ್ಲಿ ನಾಲ್ಕೂ ನನ್ನಲ್ಲಿ ಕಾಣಿಸಿಕೊಂಡವು.

ಎರಡನೆಯದು, ಅಂದರೆ ಸ್ವನೀತಿ, ಫೋನಿನ ಮೂಲಕ ಬಂದಿತು. ಇದೇ ಪಟ್ಟಿ ಹಲವು ಬೈಬಲ್ ಆ್ಯಪ್‌ಗಳಲ್ಲಿ ಸಿಗುತ್ತದೆ, ಮೊದಲ ನಾಲ್ಕು ತಿಂಗಳು ನಾನೂ ಒಂದನ್ನು ಇಟ್ಟುಕೊಂಡಿದ್ದೆ. ಓದಿದ ಮೇಲೆ ಗುರುತು ಹಾಕಬೇಕು. ಎಷ್ಟು ದಿನ ಸತತವಾಗಿ ಓದಿದಿರೆಂದು ಅದು ಎಣಿಸುತ್ತದೆ, ಸಂಜೆಯಾದರೂ ಓದದಿದ್ದರೆ ನೆನಪಿಸುತ್ತದೆ. ಮಾರ್ಚ್‌ನ ಒಂದು ರಾತ್ರಿ, ಹನ್ನೆರಡಾಗುವುದಕ್ಕೆ ಕೆಲವು ನಿಮಿಷಗಳಿರುವಾಗ, ಎಣಿಕೆ ತಪ್ಪಬಾರದೆಂದು ಓದದೆಯೇ ನಾಲ್ಕಕ್ಕೂ ಗುರುತು ಹಾಕಿ, ‘ಆಮೇಲೆ ಓದಿದರಾಯಿತು’ ಎಂದು ದೀಪ ಆರಿಸಿದೆ. ಅನನೀಯ ಸಪ್ಫೈರರು ಹೊಲ ಮಾರಿದ ಹಣದಲ್ಲಿ ಒಂದು ಭಾಗವನ್ನು ಇಟ್ಟುಕೊಂಡು ಪೂರ್ತಿ ತಂದೆವೆಂದು ತೋರಿಸಿಕೊಂಡ ಕಥೆಯನ್ನು ಓದಿ ಎರಡು ತಿಂಗಳೂ ಆಗಿರಲಿಲ್ಲ. ಅವರಾದರೂ ಒಂದಿಷ್ಟು ತಂದಿದ್ದರು. ಆ್ಯಪ್ ಅನ್ನು ತೆಗೆದುಹಾಕಿದ್ದು ಮೇ ತಿಂಗಳಲ್ಲಿ. ಅಲ್ಲಿಂದ ಪಟ್ಟಿಯನ್ನು ಕಾಗದದಲ್ಲಿ ಅಚ್ಚು ಹಾಕಿಸಿ, ಮಡಚಿ, ಪುಸ್ತಕದೊಳಗೆ ಇಟ್ಟುಕೊಂಡೆ. ಗುರುತು ಹಾಕಲಿಲ್ಲ. ದಿನ ತಪ್ಪಿದರೆ ತಪ್ಪಿದ್ದನ್ನು ಬಿಟ್ಟು ಆ ದಿನದ್ದನ್ನೇ ಓದಿದೆ. ಹೊಸಬರಿಗೆ ನನ್ನ ಸಲಹೆ ಇನ್ನೂ ಮುಂದಕ್ಕೆ ಹೋಗುತ್ತದೆ: ಏಕಾಂತಕ್ಕೆಂದು ಗೊತ್ತುಮಾಡಿದ ಎರಡು ಭಾಗಗಳನ್ನಷ್ಟೇ ಹಿಡಿದು, ಪಟ್ಟಿಯನ್ನು ಎರಡು ವರ್ಷಕ್ಕೆ ಹಂಚಿಕೊಳ್ಳಿ.

ಇನ್ನೊಂದು ಮಿತಿ: ಈ ಪಟ್ಟಿ 66 ಪುಸ್ತಕಗಳದ್ದು. ಕಥೋಲಿಕ ಬೈಬಲಿನ 73 ಪುಸ್ತಕಗಳನ್ನು ಓದುವವರಿಗೆ ತೋಬೀತ, ಯೂದಿತ, ಸಿರಾಖ ಮೊದಲಾದವು ಇದರಲ್ಲಿ ಸಿಗುವುದಿಲ್ಲ. ಅವುಗಳಿಗೆ ಬೇರೆ ಕ್ರಮವನ್ನು ಮಾಡಿಕೊಳ್ಳಬೇಕು.

ಅಂಚಿನ ಬೈಬಲಿನ ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. ಬರೆಯುವ ಜಾಗ ಕೊಡಲು ಪ್ರಕಾಶಕರು ಅಡ್ಡ ಉಲ್ಲೇಖಗಳನ್ನೂ ವಿವರಣೆಗಳನ್ನೂ ಪೂರ್ತಿಯಾಗಿ ಕಿತ್ತುಹಾಕಿದ್ದಾರೆ. ಪರಿಣಾಮವಾಗಿ ಪ್ರತಿ ಪುಟದಲ್ಲೂ ಬೈಬಲಿನ ವಾಕ್ಯ ಒಂದು ಕಡೆ, ನೀವು ಒಂದು ಕಡೆ, ನಡುವೆ ಯಾರೂ ಇಲ್ಲ. ಎಜ್ರ ಯಾವ ಕಾಲದವನು, ಯೆರೆಮೀಯನು ಯಾವ ಅರಸನ ಮುಂದೆ ನಿಂತು ಮಾತಾಡಿದನು ಎಂದು ತಿಳಿಯದೆ ‘ಇದು ನನಗೆ ಏನು ಹೇಳುತ್ತದೆ’ ಎಂದು ಬರೆಯಲು ಹೊರಟರೆ, ವಾಕ್ಯವು ನಮ್ಮ ಮನಸ್ಥಿತಿಗೆ ಹಿಡಿದ ಕನ್ನಡಿಯಷ್ಟೇ ಆಗಿಬಿಡುತ್ತದೆ. ಜೂನ್ ಹೊತ್ತಿಗೆ ಯೆಶಾಯನ ಪಕ್ಕದ ನನ್ನ ಟಿಪ್ಪಣಿಗಳಲ್ಲಿ ಯೆಶಾಯನೇ ಇರಲಿಲ್ಲ, ಬರೀ ನಾನಿದ್ದೆ. ಸಾಧಾರಣ ಅಡಿಟಿಪ್ಪಣಿಗಳಿರುವ ಇನ್ನೊಂದು ಬೈಬಲನ್ನು ಪಕ್ಕದಲ್ಲಿಟ್ಟುಕೊಂಡು, ಮೊದಲು ಆ ಜನಕ್ಕೆ ಏನು ಹೇಳಲಾಯಿತು ಎಂಬುದನ್ನು ಒಂದು ಸಾಲಿನಲ್ಲಿ ಬರೆದ ಮೇಲೆಯೇ ನನ್ನ ಮಾತಿಗೆ ಇಳಿಯುವ ನಿಯಮ ಮಾಡಿಕೊಂಡ ನಂತರ ಇದು ತಹಬಂದಿಗೆ ಬಂದಿತು.

ಒಳಗನ್ನೇ ಕೆದಕುತ್ತ ಕೂರುವ ಅಪಾಯವೂ ಇದೆ. ಜುಲೈನ ನಂತರ ಕೆಲವು ವಾರ ನನ್ನ ಅಂಚುಗಳು ತಪ್ಪುಗಳ ಕಡತದಂತಿವೆ. ಓದುವುದಕ್ಕೆ ನನಗೇ ಉಸಿರುಗಟ್ಟುತ್ತದೆ. ಯೋಹಾನನ ಮೊದಲನೆಯ ಪತ್ರಿಕೆಯಲ್ಲಿ, ನಮ್ಮ ಹೃದಯ ನಮ್ಮನ್ನು ದೋಷಿಗಳೆಂದು ಹೇಳಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎಂಬ ಮಾತಿದೆ. ನಾನು ಬರೆಯುತ್ತಿದ್ದದ್ದು ಆ ದೊಡ್ಡವನಿಗೆ ಅಲ್ಲ, ನನ್ನ ಹೃದಯವೆಂಬ ಸಣ್ಣ ನ್ಯಾಯಾಧೀಶನಿಗೆ. ಅಲ್ಲದೆ ತನ್ನನ್ನು ತಾನೇ ನೋಡಿಕೊಳ್ಳುವುದಕ್ಕೆ ಒಂದು ಎಲ್ಲೆಯುಂಟು. ಊರೀಯನ ಹೆಂಡತಿಯನ್ನು ತೆಗೆದುಕೊಂಡ ಅರಸ ದಾವೀದನು ಪ್ರಾರ್ಥನೆ ಬಾರದವನಲ್ಲ. ಆದರೂ ಪ್ರವಾದಿಯಾದ ನಾತಾನನು ಬಂದು, ಬಡವನ ಒಂದೇ ಕುರಿಮರಿಯನ್ನು ಐಶ್ವರ್ಯವಂತನು ಕಿತ್ತುಕೊಂಡ ಕಥೆ ಹೇಳುವವರೆಗೆ, ಹೇಳಿದ ಮೇಲೂ, ಆ ಮನುಷ್ಯ ತಾನೇ ಎಂದು ಅವನಿಗೆ ಹೊಳೆಯಲಿಲ್ಲ. ಅಕ್ಟೋಬರಿನಲ್ಲಿ ನಮ್ಮ ಸಭೆಯ ಹಿರಿಯರೊಬ್ಬರಿಗೆ ಆರೇಳು ಟಿಪ್ಪಣಿಗಳನ್ನು ಓದಿ ಹೇಳಿದೆ. ಅವರು ಸುಮ್ಮನೆ ಕೇಳಿ, ‘ಇದರಲ್ಲೆಲ್ಲ ನಿಮ್ಮ ಮನೆಯವರ ಮಾತೇ ಇಲ್ಲವಲ್ಲ?’ ಎಂದರು. ಹತ್ತು ತಿಂಗಳು ದಿನವೂ ಬರೆದವನಿಗೆ ಅದು ಕಂಡಿರಲಿಲ್ಲ. ಬೈಬಲಿನ ರಟ್ಟಿನ ಮೇಲೆ ‘ಏಕಾಂತ ಧ್ಯಾನಕ್ಕೆ’ ಎಂದು ಅಚ್ಚಾಗಿದೆ. ವರ್ಷಕ್ಕೊಮ್ಮೆಯಾದರೂ ಇನ್ನೊಬ್ಬರ ಮುಂದೆ ತೆರೆಯಿರಿ ಎಂದೂ ಸೇರಿಸಬಹುದಿತ್ತು.

ಯಾರಿಗೆ ಕೊಡಬಹುದು ಎಂದು ಕೇಳಿದರೆ, ಬೈಬಲನ್ನು ಮೊದಲ ಸಲ ಓದುವವರಿಗೆ ಈ ಜೋಡಿ ಬೇಡ. ಅವರಿಗೆ ದೊಡ್ಡ ಅಕ್ಷರದ ಸಾಧಾರಣ ಪ್ರತಿಯೂ ಮಾರ್ಕನ 16 ಅಧ್ಯಾಯಗಳೂ ಸಾಕು. ವರ್ಷಗಟ್ಟಲೆ ಓದಿ, ಯಾವ ವಚನ ಬಂದರೂ ಅದರ ಮುಂದಿನ ಮಾತು ಬಾಯಿಗೆ ತಾನಾಗಿ ಬಂದುಬಿಡುವಷ್ಟು ಪಳಗಿದವರಿಗೆ ಇದನ್ನು ಧಾರಾಳವಾಗಿ ಹೇಳುತ್ತೇನೆ, ಏಕೆಂದರೆ ಕಾಟಾಚಾರದ ಓದು ಎಲ್ಲಿಯಾದರೂ ಅವಿತುಕೊಂಡಿದ್ದರೆ ಅದು ಅವರಲ್ಲಿಯೇ. ಕನಸಿನಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತೀರೋ ಆ ಭಾಷೆಯಲ್ಲಿಯೇ ಟಿಪ್ಪಣಿ ಬರೆಯಿರಿ. ಸಭೆಯ ಭಾಷೆಯಲ್ಲಿ ಬರೆದರೆ ಮತ್ತೆ ಎಲೀಫಜನೇ ಬಂದು ಕೂರುತ್ತಾನೆ.

ಕೊಳ್ಳುವವರು ಗಮನಿಸಬೇಕಾದ್ದು ಮತ್ತೆರಡಿವೆ. ರಿಬ್ಬನ್ ಎರಡೇ ಇರುವುದರಿಂದ ದಿನಕ್ಕೆ ನಾಲ್ಕು ಕಡೆ ಓದುವವರು ಇನ್ನೆರಡು ರಿಬ್ಬನ್‌ಗಳನ್ನು ತಾವೇ ಕತ್ತರಿಸಿ ಬೆನ್ನಿನ ಒಳಗೆ ಸಿಕ್ಕಿಸಿಕೊಳ್ಳಬೇಕು. ನಾನು ಕಾಗದದ ಚೂರುಗಳನ್ನು ಇಟ್ಟು, ಅವು ಉದುರಿಹೋಗಿ ಎಷ್ಟೋ ಬೆಳಗ್ಗೆ ಎಜೆಕಿಯೇಲನನ್ನು ಹುಡುಕಿದ್ದೇನೆ. ಮತ್ತೊಂದು, ವರ್ಷದ ಕೊನೆಗೆ ಹೊರರಟ್ಟಿನ ಮೂಲೆಗಳು ಸವೆದವು, ಹೊಲಿಗೆ ಮಾತ್ರ ಒಂದೆಡೆಯೂ ಬಿಟ್ಟಿಲ್ಲ. ಮತ್ತಾಯ 18ರ ಪುಟ ಉಳಿದವಕ್ಕಿಂತ ಹೆಚ್ಚು ತೆರೆದದ್ದರಿಂದಲೋ ಏನೋ, ಈಗ ಪುಸ್ತಕವನ್ನು ಮೇಜಿನ ಮೇಲಿಟ್ಟು ಕೈಬಿಟ್ಟರೆ ತಾನಾಗಿ ಅಲ್ಲಿಗೇ ತೆರೆದುಕೊಳ್ಳುತ್ತದೆ. ಇದನ್ನು ಬೈಂಡಿಂಗಿನ ಗುಣವೆಂದು ಬರೆಯಬೇಕೋ ದೋಷವೆಂದು ಬರೆಯಬೇಕೋ ನಿರ್ಧರಿಸಲಾಗಿಲ್ಲ.